ಯಾರೂ ಬೈಯದ ಕೆಂಪು

ನಮ್ಮೂರಿನಲ್ಲಿ ಹೊಸ ಮಂಚ ಮಾಡಿಸಿದವರು ಮೊದಲು ಅದರ ಮೇಲೆ ಮಲಗುವುದಿಲ್ಲ. ಅಕ್ಕಪಕ್ಕದವರನ್ನು ಕರೆದು, ಕಾಫಿ ಕೊಟ್ಟು, ಮಂಚವನ್ನು ಬೈಯಿಸುತ್ತಾರೆ. ಕಾಲು ಗಿಡ್ಡವಾಯಿತು ಎಂದು ಒಬ್ಬರು, ಮರ ಇನ್ನೂ ಹಸಿ ಇದೆ ಎಂದು ಇನ್ನೊಬ್ಬರು, ಇದರ ಮೇಲೆ ಮಲಗಿದವನಿಗೆ ಸೊಂಟ ಹಿಡಿಯದಿದ್ದರೆ ಕೇಳಿ ಎಂದು ಮತ್ತೊಬ್ಬರು. ಮಂಚದ ಯಜಮಾನ ನಗುನಗುತ್ತಾ ಇನ್ನೊಂದು ಲೋಟ ಕಾಫಿ ತರಿಸುತ್ತಾನೆ. ಯಾರ ಬಾಯಿಗೂ ಬೀಳದ ವಸ್ತು ನಮ್ಮಲ್ಲಿ ಮಾಸಿಹೋಗುತ್ತದೆ. ಮೊದಲು ಬಣ್ಣ ಹೋಗುತ್ತದೆ, ಆಮೇಲೆ ಅಂಚು ತೆಳ್ಳಗಾಗುತ್ತದೆ, ಒಂದು ದಿನ ನೋಡಿದರೆ ಮಂಚ ಇದ್ದ ಜಾಗದಲ್ಲಿ ಮಂಚದಂಥದ್ದೇನೋ ಇರುತ್ತದೆ, ಅಷ್ಟೆ. ಹೊಗಳಿದರೂ ನಡೆಯುತ್ತದೆ, ಆದರೆ ಹೊಗಳಿಕೆ ಒಂದು ಹಬ್ಬದಿಂದ ಇನ್ನೊಂದು ಹಬ್ಬದವರೆಗೆ ಬಂದರೆ ಹೆಚ್ಚು. ಮನಸ್ಸಿಟ್ಟು ಬೈದರೆ ವರ್ಷಗಟ್ಟಲೆ ಚಿಂತೆಯಿಲ್ಲ. ಮನೆಯವರ ಮಾತು ಮಾತ್ರ ಲೆಕ್ಕಕ್ಕಿಲ್ಲ. ಮಾಡಿದವರು, ಅವರ ಜೊತೆ ಒಂದೇ ಸೂರಿನ ಕೆಳಗೆ ಇರುವವರು ಎಷ್ಟು ಕೂಗಿಕೊಂಡರೂ ಅದು ಗಾಳಿಗೆ ಹೋದ ಹಾಗೆ. ಹೊರಗಿನವರನ್ನೇ ಕರೆಯಬೇಕು. ಇದಕ್ಕೆ ನಾವು ಮಾತು ತಾಗಿಸುವುದು ಎನ್ನುತ್ತೇವೆ.

ಎಲ್ಲರೂ ಇದಕ್ಕೆ ತಕ್ಕ ಹಾಗೆ ಬದುಕುವುದನ್ನು ಕಲಿತಿದ್ದಾರೆ. ಹಿಟ್ಟಿನ ಗಿರಣಿಯ ಈರಣ್ಣ ತನ್ನ ಬೋರ್ಡನ್ನು ಬೇಕೆಂದೇ ಸೊಟ್ಟಗೆ ತೂಗುಹಾಕಿದ್ದಾನೆ. ದಾರಿಯಲ್ಲಿ ಹೋಗುವವರಿಗೆ ಅದನ್ನು ನೋಡಿ ಸುಮ್ಮನಿರುವುದಕ್ಕೆ ಆಗುವುದಿಲ್ಲ, ‘ಲೋ ಈರ, ಬೋರ್ಡು ಸೊಟ್ಟಗಿದೆಯಲ್ಲೋ’ ಎಂದು ಹೇಳಿಯೇ ಹೋಗುತ್ತಾರೆ. ಮೂವತ್ತು ವರ್ಷವಾದರೂ ಆ ಬೋರ್ಡು ಈಗ ತಾನೇ ಬರೆದ ಹಾಗಿದೆ. ಹೊಸ ಸೊಸೆ ತಂದ ಪಾತ್ರೆಗಳನ್ನು ಬೀದಿಯ ಹೆಂಗಸರು ಸಾಲಾಗಿ ಬಂದು ಬೈದು ಹೋಗುವುದು ನಮ್ಮಲ್ಲಿ ಮದುವೆಯ ಒಂದು ಶಾಸ್ತ್ರ.

ಹೀಗಿದ್ದ ಮೇಲೆ ನಮ್ಮೂರಿನವರಿಗೆ ಬೈಗುಳವೆಂದರೆ ಹಬ್ಬದೂಟ ಎಂದು ಹೊರಗಿನವರು ತಿಳಿದುಕೊಳ್ಳಬಹುದು. ಹಾಗೇನೂ ಇಲ್ಲ. ಔಷಧಿ ಒಳ್ಳೆಯದು ಎಂದು ಗೊತ್ತಿದ್ದ ಮಾತ್ರಕ್ಕೆ ಅದರ ಕಹಿ ಹೋಗುತ್ತದೆಯೇ? ಮಂಚವನ್ನು ಬೈದರೆ ನಗಬಹುದು. ನಾವೇ ಕೂತು, ಒಬ್ಬರಿಗೂ ತೋರಿಸದೆ, ಒಳಗಿನಿಂದ ತೆಗೆದು ಬರೆದಿದ್ದನ್ನು ಬೈದರೆ ನಗುವುದಕ್ಕೆ ಆಗುವುದಿಲ್ಲ. ನನಗಂತೂ ಆಗುತ್ತಿರಲಿಲ್ಲ. ಅದಕ್ಕೆ ಕಾರಣವೂ ಇತ್ತು.

ವಾಚನಾಲಯದ ಅಂಬುಜಾಬಾಯಿಯವರ ಬಾಯಿ ನಮ್ಮೂರಿನ ಅತಿ ದೊಡ್ಡ ಆಸ್ತಿ. ಅವರು ಒಂದು ಸಲ ಬೈದ ಬೀರು ಮೊಮ್ಮಕ್ಕಳ ಕಾಲಕ್ಕೂ ಹೊಳೆಯುತ್ತದೆ. ನನಗೆ ಇಪ್ಪತ್ತು ತುಂಬಿದ ವರ್ಷ ವಾಚನಾಲಯದ ವಾರ್ಷಿಕೋತ್ಸವದಲ್ಲಿ ನಾನು ಒಂದು ಕವಿತೆ ಓದಿದೆ. ಮೋಡದ ಹಾಸಿಗೆಯಲ್ಲಿ ಮಲಗಿದ ಚಂದ್ರನಿಗೆ ನೆಗಡಿಯಾಗಿದೆ, ಅವನ ಮೂಗಿನಿಂದ ಬೆಳದಿಂಗಳು ಸುರಿಯುತ್ತಿದೆ ಎಂದು ಅದರ ಭಾವ. ಆಗ ನನಗೆ ಅದು ಬಹಳ ಹೊಸದು ಅನ್ನಿಸಿತ್ತು. ಓದಿ ಮುಗಿಸಿದಾಗ ಅಂಬುಜಾಬಾಯಿ ಮುಂದಿನ ಸಾಲಿನಿಂದ ಎದ್ದು, ‘ಚಂದ್ರಂಗೆ ನೆಗಡಿಯಾದ್ರೆ ಅವನಿಗೆ ಕಷಾಯ ಕುಡಿಸಪ್ಪ ಚೌಡಪ್ಪ, ನಮಗ್ಯಾಕೆ ಕುಡಿಸ್ತೀಯ?’ ಎಂದರು. ಸಭೆ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ನಾನು ನೆಗಡಿ ಚೌಡಪ್ಪ. ವಾಚನಾಲಯದ ಹಲಗೆಗೆ ಚುಚ್ಚಿದ್ದ ಆ ಹಾಳೆ ಮೂವತ್ತೆರಡು ವರ್ಷವಾದರೂ ಮಾಸಲಿಲ್ಲ, ಶಾಯಿ ಒದ್ದೆ ಇದ್ದ ಹಾಗೇ ಇತ್ತು. ಯಾರಿಗಾದರೂ ಸೀನು ಬಂದರೆ ಸಾಕು, ನನ್ನ ಸಾಲು ಎತ್ತುತ್ತಿದ್ದರು. ನಾನು ಮತ್ತೆ ಕವಿತೆ ಬರೆಯಲಿಲ್ಲ. ನೇಕಾರರ ಸಂಘದಲ್ಲಿ ಬಟ್ಟೆ ಅಳೆಯುವ ಕೆಲಸಕ್ಕೆ ಸೇರಿ, ಬಾಯಿ ಮುಚ್ಚಿಕೊಂಡು ಅಳೆದೆ.

ನನ್ನನ್ನು ಸಾಕಿದವಳು ನನ್ನ ಅಕ್ಕ ಬನಶಂಕರಮ್ಮ. ಊರಿಗೆಲ್ಲ ಬನಕ್ಕ. ನನಗಿಂತ ಹದಿನಾರು ವರ್ಷಕ್ಕೆ ದೊಡ್ಡವಳು, ತಾಯಿ ಹೋದ ಮೇಲೆ ಮದುವೆಯ ಮಾತೆತ್ತಿದವರನ್ನೆಲ್ಲ ವಾಪಸು ಕಳಿಸಿ ನನ್ನನ್ನು ಮತ್ತು ಬಣ್ಣದ ಹಂಡೆಗಳನ್ನು ನೋಡಿಕೊಂಡಳು. ನೂಲಿಗೆ ಬಣ್ಣ ಹಾಕುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಮುತ್ತುಗದ ಹೂವು, ನೀಲಿ ಗಿಡದ ಸೊಪ್ಪು, ದಾಳಿಂಬೆ ಸಿಪ್ಪೆ, ಅಳಲೆಕಾಯಿ, ಮಂಜಿಷ್ಠದ ಬೇರು, ಬೆಲ್ಲದ ನೀರಿನಲ್ಲಿ ಕೊಳೆಹಾಕಿದ ಕಬ್ಬಿಣ, ಇವುಗಳಿಂದ ಮೂವತ್ತನಾಲ್ಕು ಬಣ್ಣ ತೆಗೆಯುತ್ತಿದ್ದಳು. ಅದರಲ್ಲಿ ಒಂದು ಕೆಂಪು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ತವರಿನವರು ಉಡಿಸುವ ಸೀರೆಗೆ ಅವಳ ಕೆಂಪೇ ಆಗಬೇಕು. ಎಷ್ಟು ಒಗೆದರೂ ಅದು ಬಿಡುತ್ತಿರಲಿಲ್ಲ. ನೇಕಾರರು ದಿನ ಬೆಳಗಾದರೆ ಬಂದು ‘ಬನಕ್ಕ, ಈ ಸಲ ನೀಲಿ ಕಪ್ಪಗಾಯ್ತು’, ‘ಬನಕ್ಕ, ಹಳದಿಗೆ ಕಾಮಾಲೆ ಬಂದಂಗಿದೆ’ ಎಂದು ಜಗಳ ಆಡುತ್ತಿದ್ದರು. ಅವಳೂ ಸೊಂಟಕ್ಕೆ ಕೈಯಿಟ್ಟುಕೊಂಡು ತಿರುಗಿಸಿ ಕೊಡುತ್ತಿದ್ದಳು. ಮನೆ ಸಂತೆಯ ಹಾಗಿರುತ್ತಿತ್ತು.

ಸಂಘಕ್ಕೆ ಪುಡಿ ಬಣ್ಣ ಬಂತು. ಡಬ್ಬಿ ಬಿಚ್ಚಿ ಬಿಸಿನೀರಿಗೆ ಸುರಿದರೆ ಮುಗಿಯಿತು. ಜಗಳ ಆಡುವವರು ಒಬ್ಬೊಬ್ಬರಾಗಿ ನಿಂತರು. ಅಕ್ಕನ ಬಣ್ಣದ ಬಗ್ಗೆ ಯಾರೂ ಮಾತಾಡದೇ ಹೋದಾಗ ಅವಳ ತಲೆಯಿಂದಲೇ ಬಣ್ಣಗಳು ಮಾಸತೊಡಗಿದವು. ಒಂದು ದಿನ ಹಂಡೆಯ ಮುಂದೆ ನಿಂತು, ‘ತಮ್ಮಯ್ಯ, ಗಿಣಿ ಹಸುರಿಗೆ ಏನೋ ಹಾಕ್ತಿದ್ನಲ್ಲೋ, ಏನದು?’ ಎಂದು ನನ್ನನ್ನು ಕೇಳಿದಳು. ನನಗೆ ಭಯವಾಯಿತು. ಅದೇ ದಿನ ಸಂಜೆ ಒಂದು ದಪ್ಪ ನೋಟುಬುಕ್ಕು ತಂದು ಅವಳ ಎದುರು ಕೂತೆ.

ಮೊದಲು ಹೇಳಿದ್ದು ಕೆಂಪು. ಮೂರು ದಿನ ಅದೊಂದನ್ನೇ ಹೇಳಿದಳು, ಕೈಯಲ್ಲಿ ಮಾಡಿ ತೋರಿಸುತ್ತಾ. ನಾನು ಬರೆದುಕೊಂಡೆ. ಹಾಗೆ ಮೂರು ವರ್ಷ ನಡೆಯಿತು. ಅವಳ ಕಣ್ಣಿಗೆ ಪೊರೆ ಬಂತು, ಮಂಡಿ ಹಿಡಿಯಿತು, ಆದರೆ ಹೇಳುವಾಗ ಮುಖ ಅರಳುತ್ತಿತ್ತು. ಒಂದೊಂದು ಬಣ್ಣ ಮುಗಿದಾಗಲೂ ‘ಬರ್ಕೊಂಡ್ಯಾ? ಸರಿ, ಇನ್ನು ನಾನು ಹೊತ್ಕೊಂಡು ತಿರುಗಬೇಕಾಗಿಲ್ಲ’ ಎಂದು ನಿಟ್ಟುಸಿರು ಬಿಡುತ್ತಿದ್ದಳು. ನಾನೂ ಹಾಗೆಯೇ ಮಾಡಿದೆ. ಬರೆದ ಮೇಲೆ ನೆನಪಿಟ್ಟುಕೊಳ್ಳುವುದು ಕಾಗದದ ಕೆಲಸ ಎಂದುಕೊಂಡೆ.

ಬರೆಯುತ್ತಾ ಬರೆಯುತ್ತಾ ನನ್ನ ಹಳೆಯ ಚಪಲ ತಲೆಯೆತ್ತಿತು. ಬರೀ ಅಳತೆ, ಹೊತ್ತು ಬರೆದರೆ ಸಾಲದೆಂದು ದಾಳಿಂಬೆ ಮರದ ವರ್ಣನೆ ಸೇರಿಸಿದೆ, ಅಕ್ಕನ ಕೈಬೆರಳುಗಳ ಬಗ್ಗೆ ಬರೆದೆ, ನೀಲಿ ಎದ್ದು ಬರುವಾಗ ಹಂಡೆಯ ಮೇಲೆ ನೊರೆ ಹೇಗೆ ನಿಲ್ಲುತ್ತದೆ ಎಂದು ಬರೆದೆ. ಅದು ನನಗೆ ಇಷ್ಟವಾಯಿತು. ಇಷ್ಟವಾದದ್ದೇ ತಪ್ಪಾಯಿತು. ಬರೀ ಅಳತೆಯ ಪುಸ್ತಕವಾಗಿದ್ದರೆ ಹೆದರುತ್ತಿರಲಿಲ್ಲ.

ಬೆಟ್ಟದಾಚೆಯ ಊರಿನಲ್ಲಿ ಅಚ್ಚು ಹಾಕಿಸಿ ಇನ್ನೂರು ಪ್ರತಿ ತಂದೆ. ನಮ್ಮಲ್ಲಿ ಹೊಸ ಪುಸ್ತಕ ಬಂದರೆ ಬರೆದವನು ಅದನ್ನು ಹಿಡಿದು ವಾಚನಾಲಯದ ಜಗಲಿಯ ಮೇಲೆ ನಿಂತು, ‘ಹೊಸದು ತಂದಿದ್ದೀನಿ, ಮಾತು ತಾಗಿಸಿ ಹೋಗಿ’ ಎಂದು ಮೂರು ಸಲ ಕೂಗಬೇಕು. ಅಷ್ಟೇ ಕೆಲಸ. ನಾನು ಮೊದಲ ಭಾನುವಾರ ಹೋದೆ. ಜಗಲಿಯ ಮೆಟ್ಟಿಲು ಹತ್ತುವಾಗ ಒಳಗೆ ಹಲಗೆಯ ಮೇಲಿದ್ದ ನನ್ನ ನೆಗಡಿ ಚಂದ್ರ ಕಾಣಿಸಿದ. ಅದರ ಕೆಳಗೆ ಅಂಬುಜಾಬಾಯಿ ಕನ್ನಡಕ ಒರೆಸುತ್ತಾ ಕೂತಿದ್ದರು. ಅವರು ದಾಳಿಂಬೆ ಮರದ ಪುಟ ತೆಗೆದು ಗಟ್ಟಿಯಾಗಿ ಓದುವುದು, ಜನ ನಗುವುದು, ಇನ್ನು ಸಾಯುವವರೆಗೂ ದಾಳಿಂಬೆ ಚೌಡಪ್ಪ ಎಂದು ಕರೆಸಿಕೊಳ್ಳುವುದು, ಎಲ್ಲ ಒಂದೇ ಉಸಿರಿಗೆ ಕಣ್ಣ ಮುಂದೆ ಬಂತು. ಚಪ್ಪಲಿಯ ಬಾರು ಸರಿಮಾಡಿಕೊಳ್ಳುವವನ ಹಾಗೆ ಬಗ್ಗಿ, ಹಾಗೇ ತಿರುಗಿ ಮನೆಗೆ ಬಂದೆ. ಮುಂದಿನ ಭಾನುವಾರ ತಲೆನೋವು. ಅದರ ಮುಂದಿನ ಭಾನುವಾರ ಸಂಘದ ಕೆಲಸವಿತ್ತು, ಅಥವಾ ಇತ್ತು ಎಂದುಕೊಂಡೆ. ಪುಸ್ತಕದ ಕಟ್ಟುಗಳು, ನೋಟುಬುಕ್ಕು ಎಲ್ಲ ಮಂಚದ ಕೆಳಗಿನ ಟ್ರಂಕು ಸೇರಿದವು. ಅಚ್ಚಿನ ತಪ್ಪು ಕಣ್ಣಿಗೆ ಬಿದ್ದರೆ ಇನ್ನಷ್ಟು ಅಂಜಿಕೆಯಾದೀತೆಂದು ನಾನೂ ಬಿಚ್ಚಿ ನೋಡಲಿಲ್ಲ.

ಹಾಗೆ ಬಿಟ್ಟರೆ ಏನಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಊರಿನ ಎಳೆಮಗುವಿಗೂ ಗೊತ್ತು. ಇನ್ನೂ ಸಮಯವಿದೆ, ಇನ್ನೊಂದು ವಾರ ತಡೆಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹೆದರಿದವನಿಗೆ ಕ್ಯಾಲೆಂಡರು ಬಹಳ ಉದ್ದ ಕಾಣುತ್ತದೆ.

ಅಕ್ಕನಿಗೆ ಕಣ್ಣು ಮಂಜಾಗಿತ್ತು, ಕಿವಿ ಚುರುಕಾಗಿತ್ತು. ನಾನು ಸಂಘದಿಂದ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಕೇಳುತ್ತಿದ್ದಳು.

‘ಯಾರ್ಯಾರು ಏನೇನಂದ್ರೋ?’

‘ಚೆನ್ನಾಗಿದೆ ಅಂದ್ರು ಅಕ್ಕ.’

‘ಬರೀ ಚೆನ್ನಾಗಿದೆ ಅಂದ್ರಾ? ಹಂಗಾದ್ರೆ ಯಾರೂ ಓದಿಲ್ಲ ಬಿಡು. ಅಂಬುಜಂಗೆ ಕೊಟ್ಯಾ?’

ಅಂಬುಜಾಬಾಯಿ ಅಕ್ಕನ ಜೊತೆ ಓದಿದವರು. ಕೊಟ್ಟೆ ಎಂದೆ. ಏನಂದಳು ಎಂದಳು. ಸುಳ್ಳು ಹೇಳುವುದಕ್ಕೂ ಒಂದು ಧೈರ್ಯ ಬೇಕು, ನನಗೆ ಅದೂ ಸರಿಯಾಗಿ ಇರಲಿಲ್ಲ.

‘ನೀಲಿ ಭಾಗ ಸ್ವಲ್ಪ ಉದ್ದ ಆಯ್ತು ಅಂದ್ರು.’

‘ಅಷ್ಟೇನಾ?’

‘ಅಷ್ಟೆ.’

‘ಅಂಬುಜ ಇಷ್ಟು ಮೆತ್ತಗೆ ಬೈಯೋ ಹೆಂಗಸಲ್ಲ. ಮೈ ಹುಷಾರಿಲ್ವೇನೋ ಪಾಪ, ಹೋಗಿ ನೋಡ್ಕೊಂಡು ಬಾ’ ಎಂದಳು. ನಾನು ನಕ್ಕೆ. ಅವಳೂ ನಕ್ಕಳು ಎಂದು ಆಗ ನನಗೆ ಅನ್ನಿಸಿತು.

ಹೀಗೆ ನಾಲ್ಕು ತಿಂಗಳು ಕಳೆದವು. ಒಂದು ಬೆಳಗ್ಗೆ ಎರಡು ಬೀದಿ ಆಚೆಯ ನೇಕಾರಗಿತ್ತಿ ರಾಚಮ್ಮ ಬಂದಳು. ಅವಳ ಮಗಳ ಮದುವೆ ಗೊತ್ತಾಗಿತ್ತು. ಪುಡಿ ಬಣ್ಣದ ಸೀರೆ ಉಡಿಸಿ ಕಳಿಸಲು ಅವಳಿಗೆ ಮನಸ್ಸಿಲ್ಲ. ತಾನೇ ನೂಲು ತಂದಿದ್ದಳು, ಮಂಜಿಷ್ಠದ ಬೇರು ಕುಟ್ಟಿ ತಂದಿದ್ದಳು. ‘ಬನಕ್ಕ, ನಿಮ್ಮ ಕೆಂಪಲ್ಲೇ ಕಳಿಸ್ಬೇಕು ಅಂತ ಆಸೆ. ನೀವು ಕೂತ್ಕೊಂಡು ಹೇಳಿ ಸಾಕು, ನಾನು ಮಾಡ್ತೀನಿ’ ಎಂದಳು. ಅಕ್ಕ ಎಷ್ಟೋ ದಿನಗಳಿಂದ ಹಿಡಿಯದ ಕೋಲು ಹಿಡಿದು ಎದ್ದುಬಿಟ್ಟಳು. ಹಿತ್ತಿಲಲ್ಲಿ ಹಂಡೆಗೆ ನೀರು ತುಂಬಿತು, ಒಲೆ ಹತ್ತಿತು. ಜಾಡಿಗಳನ್ನು ಅಕ್ಕ ಹೇಳಿದ ಹಾಗೆ ರಾಚಮ್ಮ ಎಡಕ್ಕೆ ಮೂರು, ಬಲಕ್ಕೆ ಮೂರು ಸಾಲಾಗಿ ಇಟ್ಟಳು. ನೂಲನ್ನು ನೀರಿಗೆ ಬಿಡುವ ಹೊತ್ತಿಗೆ ಅಕ್ಕ ತಡೆದಳು.

‘ಅಳಲೆಕಾಯಿ ಮೊದಲೋ ಪಟಿಕ ಮೊದಲೋ, ಇಲ್ಲ ಬೇರೇನಾದ್ರೂ ಹಾಕ್ತಿದ್ನೋ? ತಡಿ, ಹೇಳ್ಬಿಟ್ಟು ತಪ್ಪಾಗೋದು ಬೇಡ. ತಮ್ಮಯ್ಯ, ಪುಸ್ತಕ ತಗೊಂಬಾರೋ. ಕೆಂಪು ಓದು.’

ನಾನು ಒಳಗೆ ಹೋಗಿ ಟ್ರಂಕು ಎಳೆದೆ. ಕಟ್ಟು ಬಿಚ್ಚಿದೆ. ಪುಸ್ತಕದ ಮೊದಲ ಅಧ್ಯಾಯವೇ ಕೆಂಪು. ಮೊದಲು ಬರೆದದ್ದು ಮೊದಲು ಮಾಸುತ್ತದೆ. ಹದಿನಾಲ್ಕು ಹಾಳೆ ಬೆಳ್ಳಗಿದ್ದವು. ಇನ್ನೊಂದು ಪ್ರತಿ ತೆಗೆದೆ, ಮತ್ತೊಂದು ತೆಗೆದೆ, ಎಲ್ಲದರಲ್ಲೂ ಅಷ್ಟೆ. ನೋಟುಬುಕ್ಕಿನಲ್ಲಿ ನನ್ನ ಕೈಬರಹ ಇದ್ದ ಜಾಗದಲ್ಲಿ ಪೆನ್ನು ಒತ್ತಿದ ಗುರುತು ಕೂಡ ಇರಲಿಲ್ಲ. ಹಳದಿಯಿಂದ ಮುಂದೆ ಬೂದು ಬೂದಾಗಿ ಅಕ್ಷರ ಉಳಿದಿದ್ದವು. ಹಿತ್ತಿಲಿಂದ ಅಕ್ಕ ಕೂಗಿದಳು, ನೀರು ಕಾದಿದೆ ಎಂದು.

ಆಗ ನಾನು ಹೊರಗೆ ಬಂದು ನಿಜ ಹೇಳಬಹುದಿತ್ತು. ಅಕ್ಕ, ನಾನು ಹೆದರಿದೆ, ಯಾರಿಗೂ ತೋರಿಸಲಿಲ್ಲ, ಕೆಂಪು ಹೋಯಿತು, ಬಾ, ಇಬ್ಬರೂ ಸೇರಿ ನೆನಪು ಮಾಡಿಕೊಳ್ಳೋಣ. ಇಷ್ಟೇ ಮಾತು. ಈಗ ದಿನಕ್ಕೆ ಹತ್ತು ಸಲ ಅದನ್ನು ಹೇಳಿಕೊಳ್ಳುತ್ತೇನೆ, ಎಷ್ಟು ಸಲೀಸಾಗಿ ಬರುತ್ತದೆ. ಅವತ್ತು ನಾನು ಖಾಲಿ ಹಾಳೆಯನ್ನು ಕಣ್ಣ ಮುಂದೆ ಹಿಡಿದುಕೊಂಡು ಹಿತ್ತಿಲ ಕಟ್ಟೆಯ ಮೇಲೆ ನಿಂತೆ, ಮತ್ತು ಓದಿದೆ.

‘ಮೊದಲು ಪಟಿಕದ ನೀರು’ ಎಂದು ಓದಿದೆ. ಎಲ್ಲೋ ಕೇಳಿದ ನೆನಪು, ಎಲ್ಲೋ ಅಂದಾಜು. ನಾನು ಬಾಯಿ ತೆರೆಯುವ ಮೊದಲೇ ಅಕ್ಕನ ಕೈ ತಾನಾಗಿ ಎಡಗಡೆಯ ಜಾಡಿಗಳ ಕಡೆಗೆ ಹೋಗಿತ್ತು. ಒಂದು ಜಾಡಿಯ ಮುಚ್ಚಳದ ಮೇಲೆ ಬೆರಳಿಟ್ಟಿದ್ದಳು.

‘ಪಟಿಕವಾ? ನನಗೆ ಇದು ಅನ್ನಿಸ್ತಲ್ಲೋ.’

‘ಪುಸ್ತಕದಲ್ಲಿ ಹಂಗೆ ಇದೆ ಅಕ್ಕ.’

ಬೆರಳು ಜಾಡಿಯ ಮೇಲಿಂದ ಎದ್ದಿತು. ‘ಬರ್ದಿದ್ದೀಯ ಅಂದ್ರೆ ಅದೇ ಸರಿ. ಅವತ್ತು ನನ್ನ ತಲೆ ನೆಟ್ಟಗಿತ್ತು’ ಎಂದು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಆ ಕೈ ಏಳಲಿಲ್ಲ. ನಾನು ಓದುತ್ತಾ ಹೋದೆ, ರಾಚಮ್ಮ ಮಾಡುತ್ತಾ ಹೋದಳು. ಎಡಗಡೆ ಇದ್ದದ್ದು ಮೂರು ಜಾಡಿ. ಅವಳು ಮುಟ್ಟಿದ್ದು ಯಾವುದೆಂದು ನಾನು ನೋಡಲಿಲ್ಲ. ಬಿಳಿ ಹಾಳೆಯಲ್ಲಿ ಅಕ್ಷರ ಇದೆ ಎಂದು ತೋರಿಸಿಕೊಳ್ಳುವುದರಲ್ಲೇ ಇದ್ದೆ. ಕೆಂಪು ಆ ಗಳಿಗೆಯಲ್ಲಿ ಅವಳ ಬೆರಳಲ್ಲಿ ಇನ್ನೂ ಇತ್ತು. ನಾನೇ ಬೇಡ ಅಂದೆ.

ಎರಡು ದಿನ ಕಳೆದು ನೂಲು ಒಣಗಿತು. ಇಟ್ಟಿಗೆ ಪುಡಿಯ ಹಾಗಿತ್ತು ಬಣ್ಣ. ರಾಚಮ್ಮ ಅದನ್ನು ನೋಡಿದಳು, ಅಕ್ಕನ ಮುಖ ನೋಡಿದಳು. ಬೇರೆ ಯಾರ ಕೆಲಸವಾಗಿದ್ದರೂ ಅಲ್ಲೇ ನಿಂತು ಹತ್ತು ಮಾತು ಬೈದು ಹೋಗುತ್ತಿದ್ದಳು. ‘ಚೆನ್ನಾಗಿ ಬಂದಿದೆ ಬನಕ್ಕ’ ಎಂದು ಎತ್ತಿಟ್ಟುಕೊಂಡಳು. ಅಕ್ಕ, ಕೊಡು ಇಲ್ಲಿ ಎಂದು ನೂಲಿನ ಒಂದು ಲಡಿ ಕೈಗೆ ತೆಗೆದುಕೊಂಡು ಮೂಗಿಗೆ ಹಿಡಿದಳು.

‘ಕೆಂಪು ಕೂತಿದ್ರೆ ನೂಲು ಒದ್ದೆ ಮಣ್ಣಿನ ವಾಸನೆ ಬರುತ್ತೆ. ಇದು ಬರೀ ಅಳಲೆಕಾಯಿ ವಾಸನೆ’ ಎಂದಳು. ನನ್ನ ಕಡೆ ತಿರುಗಿ, ‘ನೀನು ಬರ್ದಿದ್ದಂಗೇ ಓದಿದ್ದೀಯ. ರಾಚವ್ವ ಓದಿದಂಗೇ ಮಾಡಿದ್ದಾಳೆ. ಅಂದ್ರೆ ನಾನು ಹೇಳಿದ್ದೇ ತಪ್ಪು. ಮೂರು ವರ್ಷದ ಹಿಂದೇನೇ ನನ್ನ ಹತ್ರ ಕೆಂಪು ಇರ್ಲಿಲ್ಲ ಅಂತ ಆಯ್ತು, ಇದೆ ಇದೆ ಅಂತ ಸುಮ್ನೆ ಮೆರೀತಿದ್ದೆ’ ಎಂದಳು. ಜೋರಾಗಿ ಅಳಲಿಲ್ಲ. ಲಡಿಯನ್ನು ನೀಟಾಗಿ ಸುತ್ತಿ ರಾಚಮ್ಮನ ಕೈಗೆ ಕೊಟ್ಟು, ಒಳಗೆ ಹೋಗಿ ಮಲಗಿದಳು. ನಾನು ಬಾಗಿಲ ಹತ್ತಿರ ಹೋದೆ, ಬಾಯಿ ತೆರೆದೆ, ಊಟಕ್ಕೆ ಬಡಿಸಲಾ ಎಂದು ಕೇಳಿದೆ.

ಅಲ್ಲಿಂದ ಮುಂದೆ ಅವಳು ಪುಸ್ತಕದ ಮಾತೆತ್ತಲಿಲ್ಲ. ಯಾರು ಏನಂದರು ಎಂದು ಕೇಳಲಿಲ್ಲ. ರಾಚಮ್ಮನ ಮಗಳ ಮದುವೆಗೆ ಕರೆಯೋಲೆ ಬಂದಾಗ ಕಾಲುನೋವು ಎಂದಳು. ಮದುವೆಯಾದ ತಿಂಗಳಿಗೆ, ಮಧ್ಯಾಹ್ನ ಊಟ ಮಾಡಿ ಗೋಡೆಗೆ ಒರಗಿ ಕೂತವಳು ಹಾಗೇ ಹೋದಳು. ಅವಳ ಮೈ ತೊಳೆಯುವಾಗ ಹೆಂಗಸರು ಉಗುರ ಸಂದಿಯಲ್ಲಿ ಇನ್ನೂ ನೀಲಿ ಇದೆ ಎಂದು ಮಾತಾಡಿಕೊಂಡರು. ಕೆಂಪು ಇತ್ತೇ ಎಂದು ನಾನು ಕೇಳಲಿಲ್ಲ.

ಹದಿಮೂರು ದಿನ ಕಳೆದು ಟ್ರಂಕು ತೆಗೆದೆ. ಹಳದಿಯೂ ಹೋಗಿತ್ತು. ಹಸುರುಗಳಲ್ಲಿ ಎರಡು ಹೋಗಿದ್ದವು. ಉಳಿದ ಅಕ್ಷರಗಳು ಬೂದಿಯ ಗೆರೆಯ ಹಾಗಿದ್ದವು. ಅಚ್ಚಿನ ಮನೆಗೆ ಹೋಗಿ ಕೇಳಿದೆ, ಅವರು ಅಚ್ಚಿನ ಅಕ್ಷರದ ಮೊಳೆಗಳನ್ನು ಯಾವಾಗಲೋ ಕಿತ್ತು ಬೇರೆ ಕೆಲಸಕ್ಕೆ ಜೋಡಿಸಿದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ಕೂತು ಯೋಚನೆ ಮಾಡಿದೆ. ಇನ್ನು ಯಾರ ನಗುವಿಗೆ ಹೆದರಬೇಕು? ಯಾರ ಮುಂದೆ ಮಾನ ಹೋದರೆ ನನಗೆ ನೋವಾಗುತ್ತಿತ್ತೋ ಅವಳೇ ಇರಲಿಲ್ಲ.

ಆ ಭಾನುವಾರ ಮಧ್ಯಾಹ್ನ ನಾಲ್ಕು ಪ್ರತಿ ಕಂಕುಳಲ್ಲಿ ಇಟ್ಟುಕೊಂಡು ವಾಚನಾಲಯದ ಜಗಲಿ ಹತ್ತಿದೆ. ಧೈರ್ಯ ಬಂದ ಮೇಲೆ ಹೋಗುತ್ತೇನೆ ಎಂದು ಕಾದವನು ನಾನು. ಅದು ಬರಲೇ ಇಲ್ಲ, ಹೆದರಿಕೊಂಡೇ ಹೋದೆ. ‘ಹೊಸದು ತಂದಿದ್ದೀನಿ, ಮಾತು ತಾಗಿಸಿ ಹೋಗಿ’ ಎಂದೆ. ಮೊದಲ ಸಲ ನನಗೇ ಕೇಳಿಸಲಿಲ್ಲ. ಎರಡನೆಯ ಸಲ ಗಿರಣಿಯ ಈರಣ್ಣ ತಲೆಯೆತ್ತಿ ನೋಡಿದ. ಮೂರನೆಯ ಸಲಕ್ಕೆ ಇಪ್ಪತ್ತು ಮೂವತ್ತು ಜನ ಸೇರಿದ್ದರು. ‘ಯಾರದೋ ನೆಗಡಿ ವಾಸಿಯಾದಂಗಿದೆ’ ಎಂದು ಯಾರೋ ಅಂದರು, ನಗು ಬಂತು. ನಾನು ನಿಂತೇ ಇದ್ದೆ.

ಅಂಬುಜಾಬಾಯಿ ಒಳಗಿನಿಂದ ಕೋಲೂರಿಕೊಂಡು ಬಂದು ಕೈ ಚಾಚಿದರು. ಕನ್ನಡಕ ಏರಿಸಿ, ಮಧ್ಯದಿಂದ ಒಂದು ಹಾಳೆ ತೆಗೆದು ಓದತೊಡಗಿದರು.

‘ಸಿಪ್ಪೆ ಒಣಗಿಸಿ ಅಂತ ಹೇಳಕ್ಕೆ ಅರ್ಧ ಪುಟ ದಾಳಿಂಬೆ ಮರ ಯಾಕೋ? ನಾವೇನು ಮರ ನೋಡಿಲ್ವಾ?’

ಜನ ನಕ್ಕರು. ಅವರ ಕೈಯಲ್ಲಿದ್ದ ಹಾಳೆಯ ಮೇಲೆ ಬೂದು ಅಕ್ಷರಗಳು ಕಪ್ಪಗಾದವು. ನನ್ನ ಕಂಕುಳಲ್ಲಿದ್ದ ಪ್ರತಿಗಳೂ ಕಪ್ಪಗಾಗಿರಬೇಕು, ನೋಡಲಿಲ್ಲ.

‘ಇಲ್ಲಿ ಎರಡು ಸಲ ಅದ್ದಿ ಅಂತೀಯ, ಮುಂದಿನ ಪುಟದಲ್ಲಿ ಮೂರು ಸಲ. ಯಾವುದೋ ನಿಜ? ಈ ನೊರೆಯ ಮಾತು ಚೆನ್ನಾಗಿ ಬಂದಿತ್ತು, ಅದನ್ನೇ ಮತ್ತೆ ನಾಲ್ಕು ಸಲ ಹೇಳಿ ಹಾಳು ಮಾಡಿದ್ದೀಯ.’ ಈರಣ್ಣ ಅಕ್ಷರ ಸಣ್ಣದಾಯಿತು, ಮುದುಕರು ಓದುವ ಹಾಗಿಲ್ಲ ಎಂದ. ಇನ್ನೊಬ್ಬರು ಪುಸ್ತಕದ ಬೆನ್ನು ಹೊಲಿದ ರೀತಿ ಸರಿಯಿಲ್ಲ ಎಂದರು. ಪ್ರತಿಗಳು ಕೈಯಿಂದ ಕೈಗೆ ಹೋದವು, ಜಗಲಿಯ ಮೇಲೆ ಕೂತು ಒಬ್ಬೊಬ್ಬರೂ ತಮಗೆ ಕಂಡದ್ದನ್ನು ಹೇಳಿದರು. ಅರ್ಧಕ್ಕರ್ಧ ನ್ಯಾಯವಾದ ಮಾತುಗಳು. ಉಳಿದ ಅರ್ಧ ಮರೆತುಬಿಡುವಂಥವು. ಬಿಸಿಲು ಜಗಲಿಯ ಕಂಬ ದಾಟುವ ಹೊತ್ತಿಗೆ ಎಲ್ಲ ಮುಗಿಯುತ್ತಾ ಬಂದಿತ್ತು. ಮೂವತ್ತೆರಡು ವರ್ಷ ನಾನು ಹೆದರಿದ್ದು ಇಷ್ಟಕ್ಕೇ, ಒಂದು ಮಧ್ಯಾಹ್ನಕ್ಕೆ. ಅದು ಗೊತ್ತಾದಾಗ ನನಗೆ ಸಮಾಧಾನವಾಗಲಿಲ್ಲ, ನನ್ನ ಮೇಲೇ ಹೇಸಿಗೆಯಾಯಿತು.

ಕಡೆಗೆ ಅಂಬುಜಾಬಾಯಿ ಪುಸ್ತಕದ ಮೊದಲಿಗೆ ಬಂದರು. ಹಾಳೆ ತಿರುವಿದರು, ಮತ್ತೆ ತಿರುವಿದರು.

‘ಶುರುವಿಗೇ ಹದಿನಾಲ್ಕು ಹಾಳೆ ಖಾಲಿ. ಇಲ್ಲೇನಿತ್ತು?’

‘ಕೆಂಪು’ ಎಂದೆ.

‘ಬನೀ ಕೆಂಪಾ?’

ನಾನು ಎಲ್ಲವನ್ನೂ ಹೇಳಿದೆ. ಚಪ್ಪಲಿಯ ಬಾರು, ಟ್ರಂಕು, ಖಾಲಿ ಹಾಳೆ ಹಿಡಿದು ಓದಿದ್ದು, ಎಡಗಡೆಯ ಜಾಡಿ, ಅಕ್ಕ ಲಡಿಯನ್ನು ಮೂಸಿ ನೋಡಿ ಹೇಳಿದ ಮಾತು. ಯಾರೂ ನಗಲಿಲ್ಲ. ಅಂಬುಜಾಬಾಯಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

‘ನಿನ್ನ ಪುಸ್ತಕ ಅಚ್ಚಾಗಿ ಬಂದ ತಿಂಗಳಲ್ಲೇ ಬನಿ ಇಲ್ಲಿಗೆ ಬಂದಿದ್ಲು. ಆ ಕಾಲಲ್ಲಿ, ಆ ಕಣ್ಣಲ್ಲಿ, ಗೋಡೆ ಹಿಡ್ಕೊಂಡು ಒಬ್ಬಳೇ ಬಂದಿದ್ಲು. ನನ್ನ ತಮ್ಮ ಪುಸ್ತಕ ತರ್ತಾನೆ ಕಣೆ ಅಂಬುಜ, ನೀನು ಬೈದೆ ಅಂತ ಮನೇಲಿ ಸುಳ್ಳು ಹೇಳ್ತಿದ್ದಾನೆ, ಪಾಪ ಹೆದರ್ತಾನೆ ಅಂದ್ಲು. ನೀನಾಗೇ ಕೇಳಬೇಡ, ಅವನೇ ತರಲಿ, ಬಂದಾಗ ನನ್ನ ಬಣ್ಣಾನ ಮೊದಲು ಬೈಯಿ, ಅವನ ಬರವಣಿಗೇನ ಆಮೇಲೆ ಬೈಯಿ, ಸ್ವಲ್ಪ ಅಭ್ಯಾಸ ಆಗ್ಲಿ ಅವನಿಗೆ, ಅಂದ್ಲು. ಅವತ್ತಿಂದ ಪ್ರತಿ ಭಾನುವಾರ ನಾನು ಇಲ್ಲಿ ಕಾದಿದ್ದೀನಿ ಕಣೋ.’

ಆಮೇಲೆ ಅವರ ಜೀವಮಾನದಲ್ಲಿ ನಾನು ಕೇಳಿದ ಅತಿ ಮೆತ್ತನೆಯ ದನಿಯಲ್ಲಿ ಅಂದರು. ‘ಅವಳು ಮರೆತಿರ್ಲಿಲ್ಲ ಚೌಡಪ್ಪ. ನೀನು ಮರೆಸಿದೆ.’

ಮೊದಲ ಸುಳ್ಳು ಅಕ್ಕನಿಗೆ ಗೊತ್ತಿತ್ತು. ಎರಡನೆಯದು, ಖಾಲಿ ಹಾಳೆ ಹಿಡಿದು ಓದಿದ್ದು, ಗೊತ್ತಿತ್ತೋ ಇಲ್ಲವೋ, ನನಗೆ ತಿಳಿಯುವ ದಾರಿಯಿಲ್ಲ. ಗೊತ್ತಿದ್ದಿರಲಿ ಎಂದು ಬೇಡಿಕೊಳ್ಳುತ್ತೇನೆ. ನನ್ನನ್ನು ಹೇಡಿ ಎಂದುಕೊಂಡು ಹೋಗಿರಲಿ, ತನ್ನ ಕೈ ತನಗೆ ಮೋಸ ಮಾಡಿತೆಂದುಕೊಂಡು ಹೋಗಿರುವುದು ಬೇಡ.

ಅಂದಿನಿಂದ ಊರಿಗೆ ಬೇರೆ ಮಾತೇ ಇಲ್ಲದಂತಾಯಿತು. ಸಂತೆಯಲ್ಲಿ, ನಲ್ಲಿಯ ಹತ್ತಿರ, ಸಂಘದ ಮೆಟ್ಟಿಲ ಮೇಲೆ ಎಲ್ಲ ಆ ಹದಿನಾಲ್ಕು ಹಾಳೆಯನ್ನೇ ಬೈದರು. ಬೈದದ್ದು ಉಳಿಯುತ್ತದೆಯಲ್ಲ, ಅವೂ ಉಳಿದವು. ಪುಸ್ತಕದ ಬೇರೆ ಹಾಳೆಗಳ ಅಂಚು ಈಗ ಹಳದಿಯಾಗಿದೆ, ಮೂಲೆ ಮಡಿಸಿದೆ. ಆ ಹದಿನಾಲ್ಕು ಮಾತ್ರ ಇವತ್ತಿಗೂ ಗರಿಗರಿಯಾಗಿ, ಕಣ್ಣು ಕುಕ್ಕುವಷ್ಟು ಬೆಳ್ಳಗಿವೆ. ನೆಗಡಿ ಚಂದ್ರನನ್ನು ಯಾರೂ ನೆನೆಯದೆ ಆ ಹಾಳೆ ಹಲಗೆಯಿಂದ ಯಾವಾಗಲೋ ಮಾಸಿಹೋಯಿತು. ಅದು ಹೋದದ್ದು ನನಗೆ ಗೊತ್ತಾಗಲೂ ಇಲ್ಲ.

ಕಳೆದ ತಿಂಗಳು ರಾಚಮ್ಮ ಜಗಲಿಯ ಹತ್ತಿರ ಬಂದು, ಮಗಳಿಗೆ ಉಡಿಸಿ ಕಳಿಸಿದ್ದ ಸೀರೆಯನ್ನು ಮಡಿಸಿ ನನ್ನ ಪಕ್ಕದಲ್ಲಿಟ್ಟಳು. ಅದು ಪೂರಾ ಬೆಳ್ಳಗಾಗಿತ್ತು. ‘ನಾನು ಬೈಯಲಿಲ್ಲ ಕಣಣ್ಣ, ಬನಕ್ಕ ನೊಂದ್ಕೋತಾರೆ ಅಂತ’ ಎಂದಳು. ಮಡಿಕೆ ಬಿಚ್ಚಿ ಇಬ್ಬರೂ ಅದನ್ನು ಅಂಚಿನಿಂದ ಅಂಚಿಗೆ ನೋಡಿದೆವು.

ನಾನೀಗ ಪ್ರತಿ ಭಾನುವಾರ ಪುಸ್ತಕ ಹಿಡಿದು ವಾಚನಾಲಯದ ಜಗಲಿಯ ಮೇಲೆ ನಿಲ್ಲುತ್ತೇನೆ. ಊರಿನವರಿಗೆ ಬೇಸರ ಬಂದರೆ, ಹೊಸ ಮಾತು ಸಿಕ್ಕರೆ, ಈ ಬಿಳಿ ಹಾಳೆಗಳೂ ಹೋಗುತ್ತವೆ. ಹೋದರೆ ಅಲ್ಲಿ ಏನೋ ಇತ್ತು ಎಂಬುದೂ ಉಳಿಯುವುದಿಲ್ಲ. ಅದಕ್ಕೇ ದಾರಿಯಲ್ಲಿ ಹೋಗುವವರನ್ನು, ಪರಸ್ಥಳದಿಂದ ಬಂದವರನ್ನು, ಯಾರನ್ನೂ ಬಿಡದೆ ಕರೆಯುತ್ತೇನೆ. ಮೊದಲ ಹಾಳೆ ತೆಗೆದು ಅವರ ಮುಂದೆ ಹಿಡಿಯುತ್ತೇನೆ.

‘ಇಲ್ಲಿ ಕೆಂಪಿತ್ತು’ ಎನ್ನುತ್ತೇನೆ. ‘ಬೈದು ಹೋಗಿ.’